ಪಾತ್ರಕ್ರೀಡೆಯಲ್ಲಿ ಸೆರೆಯ ಪ್ರಸಂಗ

೧

ನಾಲ್ಕೈದು ಮಂದಿ ಒಂದು ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿಕೊಂಡು, ಮಾತಿನಿಂದಲೇ ಒಂದು ಸಾಹಸಕಥೆಯನ್ನು ಕಟ್ಟುತ್ತ ಹೋಗುವ ಆಟವೊಂದು ೧೯೭೪ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಊರಿನಿಂದ ಪ್ರಕಟವಾಯಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ಆ ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅದನ್ನು ಅನುಸರಿಸಿಯೂ ಅದರೊಡನೆ ಜಗಳವಾಡಿಯೂ ಹುಟ್ಟಿದ ಆಟಗಳು ಇಂದು ನೂರಾರು ಇವೆ. ಇಂಗ್ಲಿಷಿನಲ್ಲಿ ಇವಕ್ಕೆ ರೋಲ್‌ಪ್ಲೇಯಿಂಗ್ ಗೇಮ್ ಎಂದು ಹೆಸರು. ಈ ಲೇಖನದ ಮಟ್ಟಿಗೆ ನಾವು ‘ಪಾತ್ರಕ್ರೀಡೆ’ ಎಂದು ಕರೆಯೋಣ. ನಮ್ಮ ನಗರಗಳಲ್ಲಿರುವ ಕನ್ನಡಿಗರ ಮನೆಗಳ ತರುಣರಿಗೆ ಇದು ಹೊಸ ಸಂಗತಿಯಲ್ಲ. ಹಿರಿಯರಿಗೆ ಮಾತ್ರ ಇದರ ಸ್ವರೂಪವನ್ನು ಎರಡು ಮಾತಿನಲ್ಲಿ ತಿಳಿಸಬೇಕಾದೀತು.

ಈ ಆಟದಲ್ಲಿ ಒಬ್ಬನು ಸೂತ್ರಧಾರ. ಊರು, ಕಾಡು, ಶತ್ರು, ಮಳೆ, ಬಿಸಿಲು ಎಲ್ಲವೂ ಅವನ ಅಧೀನ. ಉಳಿದವರು ಆಟಗಾರರು, ಒಬ್ಬೊಬ್ಬರಿಗೂ ಒಂದೇ ಪಾತ್ರ. ಆ ಪಾತ್ರ ಏನು ಹೇಳುತ್ತದೆ, ಏನು ಮಾಡಲು ತೊಡಗುತ್ತದೆ ಎಂಬುದನ್ನು ಆಟಗಾರನು ನಿರ್ಧರಿಸುತ್ತಾನೆ. ತೊಡಗಿದ ಕೆಲಸ ಕೈಗೂಡಿತೇ ಇಲ್ಲವೇ ಎಂಬುದನ್ನು ನಿಯಮ, ದಾಳ, ಸೂತ್ರಧಾರನ ವಿವೇಕ ಈ ಮೂರೂ ಕೂಡಿ ತೀರ್ಮಾನಿಸುತ್ತವೆ. ಆದುದರಿಂದ ಸೂತ್ರಧಾರನ ಪಾಲಿಗೆ ಒಂದು ಲೋಕವೇ ಇದ್ದರೆ ಆಟಗಾರನ ಪಾಲಿಗೆ ಇರುವ ಸೊತ್ತು ಒಂದೇ: ತನ್ನ ಪಾತ್ರದ ನಿರ್ಧಾರ. ಈ ಸೊತ್ತಿನ ಬೆಲೆ ಎಷ್ಟೆಂಬುದು ಪಾತ್ರವು ಸೆರೆಸಿಕ್ಕಾಗ ಬೇರೆಲ್ಲಿಗಿಂತ ಸ್ಪಷ್ಟವಾಗಿ ತಿಳಿಯುತ್ತದೆ. ಬಂದಿಯಾದವನ ಕೈ ಕಟ್ಟಿದೆ, ಕಾಲು ಕಟ್ಟಿದೆ, ಆಯುಧ ಹೋಗಿದೆ. ಚಿತ್ರಹಿಂಸೆಯೂ ಸೇರಿದರೆ ನಾಲಗೆಯೂ ಪರಾಧೀನವಾಗುವ ಭಯವಿದೆ. ಹಾಗಾದಲ್ಲಿ ಆ ಪಾತ್ರವನ್ನು ವಹಿಸಿದವನಿಗೆ ಮೇಜಿನ ಬಳಿ ಕುಳಿತಿರುವ ಪ್ರಯೋಜನವಾದರೂ ಏನು?

ಸೆರೆಯ ಪ್ರಸಂಗದಲ್ಲಿ ಸೂತ್ರಧಾರನು ಪಾತ್ರದಿಂದ ಏನನ್ನು ಬೇಕಾದರೂ ಕಸಿದುಕೊಳ್ಳಬಹುದು, ನಿರ್ಧಾರವೊಂದನ್ನು ಮಾತ್ರ ಕಸಿಯಬಾರದು ಎಂಬುದು ಈ ಲೇಖನದ ಪ್ರತಿಪಾದನೆ. ಇದನ್ನು ಕೇವಲ ಸೌಜನ್ಯದ ಮಾತೆಂದು ತಿಳಿಯಬಾರದು. ಈ ಕಥನಪ್ರಕಾರದ ಕಾವ್ಯನಿಯಮವೇ ಇದು ಎಂಬುದನ್ನು ಕೆಲವು ಪ್ರಕಟಿತ ಕಥಾನಕಗಳನ್ನೂ ನಿಯಮಗ್ರಂಥಗಳನ್ನೂ ಪರಿಶೀಲಿಸಿ ತೋರಿಸಲು ಯತ್ನಿಸುತ್ತೇನೆ.

೨

ಮೊದಲ ಆಟದ ಹೆಸರಿನಲ್ಲಿಯೇ ಒಂದು ವಿನೋದವಿದೆ. ‘ಡಂಜನ್’ ಎಂದರೆ ಕೋಟೆಯ ಕೆಳಗಿನ ನೆಲಸೆರೆ. ಆದರೆ ಆಟದೊಳಗೆ ಅದು ಸೆರೆಯಾಗಿ ಉಳಿಯಲಿಲ್ಲ. ನಾಯಕರು ತಾವಾಗಿ ಇಳಿದು, ರಾಕ್ಷಸರನ್ನು ಕೊಂದು, ನಿಧಿಯನ್ನು ಹೊತ್ತು ತರುವ ಗುಹೆಯಾಯಿತು. ಸೆರೆಮನೆಗೆ ಹೋಗಿಬರುವವರು ಉಂಟು, ಅಲ್ಲಿ ಇರಬೇಕಾದವರು ಇಲ್ಲ. ಬಂದಿಯ ದೃಷ್ಟಿ ಈ ಆಟದ ಮೂಲರಚನೆಯಲ್ಲಿಯೇ ಕಾಣದಂತಾಯಿತು.

ಇದರ ಪರಿಣಾಮವನ್ನು ನಿಯಮಗಳಲ್ಲಿ ಕಾಣಬಹುದು. ಪಾತ್ರದ ಪ್ರಾಣಬಲವನ್ನು ಇಲ್ಲಿ ಅಂಕಗಳಲ್ಲಿ ಎಣಿಸುತ್ತಾರೆ. ಅನುಭವ ಹೆಚ್ಚಿದಂತೆ ಅಂಕಗಳೂ ಹೆಚ್ಚುತ್ತವೆ. ೨೦೧೪ರ ಆವೃತ್ತಿಯಲ್ಲಿ ಕಠಾರಿಯ ಏಟು ನಾಲ್ಕು ಮುಖದ ದಾಳದ ಒಂದು ಎಸೆತ. ತೋಳ್ಬಲದ ಹೆಚ್ಚಳವನ್ನು ಬಿಟ್ಟರೆ ನಾಲ್ಕು ಅಂಕಕ್ಕಿಂತ ಅಧಿಕ ಹಾನಿಯಿಲ್ಲ. ಎಪ್ಪತ್ತು ಎಂಬತ್ತು ಅಂಕಗಳನ್ನು ಹೊಂದಿದ ಯೋಧನ ಕೊರಳಿಗೆ ಕಾವಲುಗಾರನು ಕಠಾರಿ ಹಿಡಿದು “ಶರಣಾಗು” ಎಂದರೆ ಆಟಗಾರನು ನಗುತ್ತಾನೆ. ಮೇಲಾಗಿ, ಒಂದೇ ಅಂಕ ಉಳಿದವನೂ ಎಲ್ಲ ಅಂಕಗಳು ಉಳಿದವನಷ್ಟೇ ಚೆನ್ನಾಗಿ ಕಾದಬಲ್ಲನು. ನೋವೆಂಬುದು ಲೆಕ್ಕದಲ್ಲಿ ಇಲ್ಲ. ಸಾವು ಮಾತ್ರ ಉಂಟು. ಹೀಗಿರಲು ಶರಣಾಗತಿಗೆ ಎಡೆಯೆಲ್ಲಿ?

ಇನ್ನೊಂದು ಕಾರಣವೂ ಇದೆ. ಈ ಆಟಗಳಲ್ಲಿ ಪಾತ್ರದ ಶಕ್ತಿಯ ಬಹುಭಾಗ ಅದರ ಸಲಕರಣೆಯಲ್ಲಿದೆ. ಖಡ್ಗ, ಕವಚ, ಮಂತ್ರಪುಸ್ತಕ ಇವು ತಿಂಗಳುಗಟ್ಟಲೆ ಆಡಿ ಗಳಿಸಿದವು. ಸೆರೆಯೆಂದರೆ ಮೊದಲು ಹೋಗುವುದು ಇವೇ. ಸತ್ತರೆ ಹೊಸ ಪಾತ್ರವನ್ನು ಕಟ್ಟಿಕೊಳ್ಳಬಹುದು. ಸೆರೆಸಿಕ್ಕರೆ ಹಳೆಯ ಪಾತ್ರವನ್ನೇ ಬೆತ್ತಲೆಯಾಗಿ ಆಡಬೇಕು. ಆದುದರಿಂದ ಆಟಗಾರನು ಸೋಲು ಖಚಿತವಾದರೂ ಕೊನೆಯುಸಿರಿನವರೆಗೆ ಕಾದುತ್ತಾನೆ. ಇದನ್ನು ಕಂಡು ಸೂತ್ರಧಾರರು ಆಟಗಾರರ ಹಟವನ್ನು ದೂರುವುದುಂಟು. ಆದರೆ ಹಟಕ್ಕೆ ಕಾರಣ ಅಪನಂಬಿಕೆ. ಒಮ್ಮೆ ಕೈಯೊಡ್ಡಿದರೆ ಮುಂದೆ ತನಗೆ ಮಾತಿಲ್ಲ ಎಂದು ಆಟಗಾರನು ತಿಳಿದಿದ್ದಾನೆ. ಬಹಳಮಟ್ಟಿಗೆ ಅವನ ತಿಳಿವಳಿಕೆ ಸರಿಯಾಗಿಯೇ ಇದೆ.

ಕಾದಂಬರಿಗೂ ಪಾತ್ರಕ್ರೀಡೆಗೂ ಇರುವ ಭೇದವನ್ನು ಇಲ್ಲಿ ನೆನೆಯಬೇಕು. ಕಾದಂಬರಿಯ ನಾಯಕನನ್ನು ಲೇಖಕನು ಹತ್ತು ಪುಟ ಕತ್ತಲೆಯ ಕೋಣೆಯಲ್ಲಿಟ್ಟರೆ ಓದುಗನು ಅವನೊಡನೆ ಇರುತ್ತಾನೆ. ಬೇಸರವೂ ಭಯವೂ ಓದಿನ ಭಾಗವೇ ಆಗುತ್ತವೆ. ಪಾತ್ರಕ್ರೀಡೆಯಲ್ಲಿ ಆಟಗಾರನನ್ನು ಒಂದು ಗಂಟೆ ಸುಮ್ಮನೆ ಕೂಡಿಸಿದರೆ ಅವನಿಗೆ ಆಗುವುದು ಬಂದಿಯ ಅನುಭವವಲ್ಲ, ಸರದಿ ಬಾರದೆ ಕುಳಿತವನ ಅನುಭವ. ಪಾತ್ರ ಸೆರೆಯಾಗಲೆಂದು ಮಾಡಿದ ಉಪಾಯದಿಂದ ಆಟಗಾರನು ಸೆರೆಯಾಗುತ್ತಾನೆ. ಈ ಎರಡನ್ನು ಬೇರೆ ಬೇರೆಯಾಗಿ ಇಡಬಲ್ಲವನೇ ಸಮರ್ಥ ಸೂತ್ರಧಾರ.

೩

ಸೆರೆಯನ್ನೇ ವಸ್ತುವಾಗಿ ಉಳ್ಳ ಎರಡು ಸಿದ್ಧಕಥಾನಕಗಳನ್ನು ಈಗ ಹೋಲಿಸಿ ನೋಡೋಣ. ಎರಡೂ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕಾಗಿಯೇ ಬರೆದವು. ನಡುವಣ ಅಂತರ ೩೪ ವರ್ಷ.

ಮೊದಲನೆಯದು ಲಾರೆನ್ಸ್ ಶಿಕ್ ಅವರ ‘ಇನ್ ದ ಡಂಜನ್ಸ್ ಆಫ್ ದ ಸ್ಲೇವ್ ಲಾರ್ಡ್ಸ್’, ೧೯೮೧. ದಾಸವ್ಯಾಪಾರ ನಡೆಸುವ ಒಂದು ಕೂಟವನ್ನು ಎದುರಿಸುವ ನಾಲ್ಕು ಕಥಾನಕಗಳ ಮಾಲೆಯಲ್ಲಿ ಇದು ಕೊನೆಯದು. ನಾಯಕರು ಹಿಂದಿನ ಭಾಗದ ಕೊನೆಯಲ್ಲಿ ಸೋತು ಸೆರೆಸಿಕ್ಕಿದ್ದಾರೆ. ಈ ಭಾಗದ ಆರಂಭದಲ್ಲಿ ನೆಲದಡಿಯ ಕತ್ತಲ ಗುಹೆಗಳಲ್ಲಿ ಆಯುಧವಿಲ್ಲದೆ, ಕವಚವಿಲ್ಲದೆ ಇದ್ದಾರೆ. ಕೈಗೆ ಸಿಕ್ಕಿದ್ದನ್ನೇ ಆಯುಧ ಮಾಡಿಕೊಂಡು ಹೊರಬರಬೇಕು. ಇದೊಂದು ದಿಟ್ಟ ಕಲ್ಪನೆ. ಸಲಕರಣೆಯಿಂದ ದೊಡ್ಡವರಾದ ನಾಯಕರು ಬುದ್ಧಿಯಿಂದ ದೊಡ್ಡವರಾಗಬೇಕಾದ ಸನ್ನಿವೇಶ. ಗುಹೆಯೊಳಗೆ ಅಣಬೆಯ ರೂಪದ ಒಂದು ಜನಾಂಗವೂ ಇದೆ; ಅವರೊಡನೆ ಕಾದುವುದೋ ಒಪ್ಪಂದಕ್ಕೆ ಬರುವುದೋ ಎಂಬುದು ಆಟಗಾರರ ವಿವೇಕಕ್ಕೆ ಬಿಟ್ಟದ್ದು.

ಈ ಕಥಾನಕದ ಸೆರೆಯೊಳಗಿನ ಭಾಗ ಪ್ರಶಂಸನೀಯವಾದರೂ ಸೆರೆಗೆ ಬರುವ ದಾರಿ ದೋಷಯುಕ್ತ. ಈ ಮಾಲೆ ಮೊದಲು ೧೯೮೦ರ ಜೆನ್ ಕಾನ್ ಸಮ್ಮೇಳನದ ಸ್ಪರ್ಧೆಗಾಗಿ ರಚಿತವಾಯಿತು. ಸ್ಪರ್ಧೆಯಲ್ಲಿ ಪಾತ್ರಗಳನ್ನು ಸಂಘಟಕರೇ ಸಿದ್ಧಮಾಡಿ ಕೊಡುತ್ತಾರೆ. ಆಟಗಾರನಿಗೆ ಆ ಖಡ್ಗದೊಡನೆ ಹಿಂದಿನ ನಂಟಿಲ್ಲ, ಕಳೆದುಕೊಂಡರೆ ಸಂಕಟವೂ ಇಲ್ಲ. ಅದೇ ಕಥಾನಕವನ್ನು ಮನೆಯ ಮೇಜಿಗೆ ತಂದು, ತಿಂಗಳುಗಟ್ಟಲೆ ಆಡಿ ಬೆಳೆಸಿದ ಪಾತ್ರಗಳ ಮೇಲೆ ಹೊರಿಸಿದರೆ ಸ್ಥಿತಿ ಬೇರೆ. ಇಲ್ಲಿ ಸೋಲಲೇಬೇಕೆಂದು ಮೊದಲೇ ಬರೆದಿಟ್ಟ ಯುದ್ಧದಲ್ಲಿ ಆಟಗಾರನು ಎಷ್ಟು ಚಾತುರ್ಯದಿಂದ ಕಾದಿದರೂ ಫಲವೊಂದೇ. ಅವನ ನಿರ್ಧಾರವನ್ನು ಶತ್ರು ಗೆದ್ದುಕೊಳ್ಳುವುದಿಲ್ಲ, ಪುಸ್ತಕ ಅಳಿಸಿಹಾಕುತ್ತದೆ.

ಎರಡನೆಯದು ೨೦೧೫ರ ‘ಔಟ್ ಆಫ್ ದ ಅಬಿಸ್’. ಇಲ್ಲಿ ಕಥೆ ಪ್ರಾರಂಭವಾಗುವಾಗಲೇ ಪಾತ್ರಗಳು ಡ್ರೌ ಎಂಬ ಪಾತಾಳವಾಸಿಗಳ ಕಾವಲುಠಾಣೆಯಲ್ಲಿ ಬಂದಿಗಳು. ಕಾದಿ ಸೋಲುವ ಪ್ರಹಸನವಿಲ್ಲ. ಕಳೆದುಕೊಳ್ಳಲು ಗಳಿಸಿದ ಸೊತ್ತೂ ಇನ್ನೂ ಇಲ್ಲ. ಸೆರೆಯೇ ಕಥೆಯ ಆಧಾರವೆಂದು ಎಲ್ಲರೂ ಒಪ್ಪಿ ಕುಳಿತಿದ್ದಾರೆ. ಅದಕ್ಕಿಂತ ಮುಖ್ಯವಾದ ಗುಣ ಇನ್ನೊಂದಿದೆ. ಅದೇ ಸೆರೆಯಲ್ಲಿ ಬೇರೆ ಬೇರೆ ಜಾತಿಯ ಹತ್ತು ಮಂದಿ ಸಹಬಂದಿಗಳನ್ನು ಲೇಖಕರು ಇರಿಸಿದ್ದಾರೆ. ಎಲ್ಲದಕ್ಕೂ ಪಣವೊಡ್ಡುವ ಒಬ್ಬ ಜೂಜುಗಾರ, ಹಿಂಸೆಯನ್ನೇ ತ್ಯಜಿಸಿದ ಒಬ್ಬ ಸಾಧು, ಅಣಬೆಯ ಜನಾಂಗದ ಒಂದು ಮಗು ಇವರೆಲ್ಲ ಅಲ್ಲಿದ್ದಾರೆ. ಯಾರನ್ನು ನಂಬಬೇಕು, ಯಾರನ್ನು ಕರೆದೊಯ್ಯಬೇಕು, ಯಾರನ್ನು ಬಿಡಬೇಕು? ಕಾವಲುಗಾರರಲ್ಲಿಯೂ ಒಡಕಿದೆ: ಠಾಣೆಯ ಒಡತಿಯ ಪ್ರೀತಿಯನ್ನು ಕಳೆದುಕೊಂಡು ಕುದಿಯುತ್ತಿರುವ ಒಬ್ಬನು ಬಂದಿಗಳ ಪಲಾಯನಕ್ಕೆ ನೆರವಾಗಬಲ್ಲನು. ಕೈಕಾಲು ಕಟ್ಟಿದ ಆಟಗಾರನಿಗೆ ನಿರ್ಧಾರಗಳು ಮಾತ್ರ ತುಂಬಿ ತುಳುಕುತ್ತವೆ. ಈ ಕಾರಣದಿಂದ, ಉಳಿದ ಭಾಗಗಳ ಗುಣದೋಷಗಳೇನೇ ಇರಲಿ, ಸೆರೆಯ ಪ್ರಸಂಗವಾಗಿ ಎರಡನೆಯ ಕಥಾನಕ ಮೊದಲನೆಯದಕ್ಕಿಂತ ಪಕ್ವವಾದದ್ದೆಂದು ನನ್ನ ಅಭಿಪ್ರಾಯ.

ನಮ್ಮವರಿಗೆ ಪರಿಚಿತವಾದ ಒಂದು ಸೆರೆಯ ಕಥೆಯನ್ನು ಇಲ್ಲಿ ಹೋಲಿಕೆಗೆ ತರಬಹುದು. ಮಾಳವದ ಪರಮಾರ ಮುಂಜನು ಚಾಲುಕ್ಯ ತೈಲಪನಿಗೆ ಸೆರೆಸಿಕ್ಕು ಹತನಾದದ್ದು ಹತ್ತನೆಯ ಶತಮಾನದ ಕೊನೆಯ ಇತಿಹಾಸ. ತೈಲಪನು ರನ್ನನಿಗೆ ಆಶ್ರಯವಿತ್ತ ದೊರೆ. ೧೪ನೆಯ ಶತಮಾನದ ಆರಂಭದಲ್ಲಿ ಮೇರುತುಂಗನು ಬರೆದ ‘ಪ್ರಬಂಧಚಿಂತಾಮಣಿ’ಯಲ್ಲಿ ಇದು ದಂತಕಥೆಯಾಗಿ ಬೆಳೆದಿದೆ. ಮುಂಜನ ಕಡೆಯವರು ಸುರಂಗ ತೋಡಿದ್ದಾರೆ, ಹೊರಟರೆ ಬಿಡುಗಡೆ. ಆದರೆ ಸೆರೆಯಲ್ಲಿ ಅವನು ತೈಲಪನ ಸೋದರಿ ಮೃಣಾಲವತಿಯಲ್ಲಿ ಅನುರಕ್ತನಾಗಿದ್ದಾನೆ. ಅವಳನ್ನು ಬಿಟ್ಟುಹೋಗಲಾರದೆ ಗುಟ್ಟನ್ನು ಹೇಳಿಬಿಡುತ್ತಾನೆ. ಅವಳು ಅಣ್ಣನಿಗೆ ತಿಳಿಸುತ್ತಾಳೆ. ಮುಂಜನು ಬೀದಿಬೀದಿಯಲ್ಲಿ ಭಿಕ್ಷೆ ಬೇಡಿಸಲ್ಪಟ್ಟು ವಧೆಗೊಳ್ಳುತ್ತಾನೆ. ಕನ್ಹಯ್ಯಾಲಾಲ್ ಮುನ್ಷಿಯವರು ಇದೇ ಕಥೆಯನ್ನು ‘ಪೃಥಿವೀವಲ್ಲಭ’ ಎಂಬ ಗುಜರಾತಿ ಕಾದಂಬರಿಯಾಗಿ ಬರೆದರು. ಈ ಕಥೆ ನಮ್ಮನ್ನು ಇಂದಿಗೂ ಕಲಕುವುದು ಏತರಿಂದ? ಗುಟ್ಟನ್ನು ಯಾರೂ ಮುಂಜನಿಂದ ಹಿಂಡಿ ತೆಗೆಯಲಿಲ್ಲ, ಅವನಾಗಿ ಹೇಳಿದನು. ಬಂಧನದಲ್ಲಿದ್ದವನು ಸ್ವತಂತ್ರವಾಗಿ ಮಾಡಿದ ಒಂದು ನಿರ್ಧಾರದ ಮೇಲೆ ಕಥೆಯ ಭಾರವೆಲ್ಲ ನಿಂತಿದೆ. ಕಾವಲುಗಾರನು ಅವನನ್ನು ಹೊಡೆದು ಬಾಯಿಬಿಡಿಸಿದ್ದರೆ ಕಥೆಗೆ ಕ್ರೌರ್ಯ ಉಳಿಯುತ್ತಿತ್ತು, ದುರಂತ ಉಳಿಯುತ್ತಿರಲಿಲ್ಲ.

೪

ಶರಣಾಗತಿಯನ್ನೇ ಆಟಗಾರನ ನಿರ್ಧಾರವಾಗಿ ಮಾಡಿದರೆ ಹೇಗೆ? ಈ ಪ್ರಶ್ನೆಗೆ ಉತ್ತರವಿತ್ತ ನಿಯಮಗ್ರಂಥ ‘ಫೇಟ್ ಕೋರ್’, ೨೦೧೩. ಇದರಲ್ಲಿ ಕಾದಾಟ ನಡೆಯುತ್ತಿರುವಾಗ, ಎದುರಾಳಿಯ ದಾಳ ಬೀಳುವುದಕ್ಕೆ ಮುಂಚೆ, ಆಟಗಾರನು ತಾನಾಗಿ ಸೋಲನ್ನು ಒಪ್ಪಿಕೊಳ್ಳಬಹುದು. ಎದುರಾಳಿಗೆ ತಾನು ಬಯಸಿದ ಗೆಲವು ಸಿಗುತ್ತದೆ. ಆದರೆ ಸೋತವನು ಹೇಗೆ ಸೋತನು ಎಂಬುದನ್ನು ಹೇಳುವುದರಲ್ಲಿ ಸೋತವನಿಗೂ ಪಾಲಿದೆ, ಅತ್ಯಂತ ಕೆಟ್ಟ ಗತಿಯಿಂದ ರಕ್ಷಣೆಯೂ ಇದೆ. ಅಷ್ಟೇ ಅಲ್ಲ, ಒಪ್ಪಿಕೊಂಡುದಕ್ಕಾಗಿ ಅವನಿಗೆ ಮುಂದೆ ಉಪಯೋಗಕ್ಕೆ ಬರುವ ಅದೃಷ್ಟದ ಅಂಕವೊಂದು ದೊರೆಯುತ್ತದೆ, ಆ ಕಾದಾಟದಲ್ಲಿ ಗಾಸಿಗೊಂಡಿದ್ದರೆ ಅಂಕಗಳು ಇನ್ನೂ ಹೆಚ್ಚು. ಒಪ್ಪದೆ ಕೊನೆಯವರೆಗೆ ಕಾದಿ ಸೋತರೆ ಮಾತ್ರ ಅವನ ಗತಿ ಪೂರ್ತಿಯಾಗಿ ಎದುರಾಳಿಯ ಕೈಯಲ್ಲಿ.

ಮೇಲೆ ಹೇಳಿದ ಅಪನಂಬಿಕೆಗೆ ಇದೇ ಸರಿಯಾದ ಔಷಧ. ಇದರ ಹಿಂದಿರುವ ವಿವೇಕ ನಮಗೆ ಹೊಸದೇನೂ ಅಲ್ಲ. ಸುಂದರಕಾಂಡದಲ್ಲಿ ಇಂದ್ರಜಿತುವಿನ ಬ್ರಹ್ಮಾಸ್ತ್ರಕ್ಕೆ ಹನುಮಂತನು ಕಟ್ಟುಬಿದ್ದ ಪ್ರಸಂಗವನ್ನು ನೆನೆಯಬಹುದು. ಬ್ರಹ್ಮನ ಮೇಲಣ ಗೌರವದಿಂದಲೂ ರಾವಣನನ್ನು ಕಂಡು ಮಾತನಾಡುವ ಅವಕಾಶವಾಗುವುದೆಂಬ ಎಣಿಕೆಯಿಂದಲೂ ಅವನು ಬಂಧನವನ್ನು ಸಹಿಸಿಕೊಳ್ಳುತ್ತಾನೆ. ರಾಕ್ಷಸರು ಎಳೆದೊಯ್ಯುತ್ತಾರೆ, ಬಾಲಕ್ಕೆ ಬೆಂಕಿಯಿಡುತ್ತಾರೆ. ಹಿಂಸೆಗೆಂದು ಹಚ್ಚಿದ ಬೆಂಕಿಯೇ ಲಂಕೆಯನ್ನು ಸುಡುವ ಸಾಧನವಾಗುತ್ತದೆ. ಇಲ್ಲಿ ಸೆರೆ ಕಥೆಯನ್ನು ನಿಲ್ಲಿಸಲಿಲ್ಲ. ಅನ್ಯಥಾ ಪ್ರವೇಶವಿಲ್ಲದ ರಾಜಸಭೆಯ ಬಾಗಿಲನ್ನು ತೆರೆಯಿತು. ಸೂತ್ರಧಾರನು ಆಟಗಾರರನ್ನು ಸೆರೆಗೆ ಒಡ್ಡುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೇ: ಹೊರಗಿದ್ದರೆ ಕಾಣಲಾಗದ ಯಾವುದನ್ನು ಇವರು ಒಳಗೆ ಕಾಣುತ್ತಾರೆ? ಇದಕ್ಕೆ ಉತ್ತರವಿಲ್ಲವಾದರೆ ಸೆರೆ ಬೇಡ.

೫

ಇನ್ನು ಚಿತ್ರಹಿಂಸೆಯ ವಿಚಾರ. ಇಲ್ಲಿ ನಿಯಮಗಳ ದೋಷ ಕಥಾನಕಗಳ ದೋಷಕ್ಕಿಂತ ದೊಡ್ಡದು. ೧೯೮೬ರಲ್ಲಿ ಮೊದಲು ಪ್ರಕಟವಾದ ‘ಗರ್ಪ್ಸ್’ ಎಂಬ ನಿಯಮಮಾಲೆಯಲ್ಲಿ ಬಂದಿಯ ವಿಚಾರಣೆಯೂ ಒಂದು ಕೌಶಲ. ಕೇಳುವವನ ಕೌಶಲಕ್ಕೂ ಬಂದಿಯ ಇಚ್ಛಾಬಲಕ್ಕೂ ದಾಳಗಳ ಸ್ಪರ್ಧೆ ನಡೆಯುತ್ತದೆ; ಕೇಳುವವನು ಗೆದ್ದರೆ ಉತ್ತರ ದೊರೆಯುತ್ತದೆ. ಇಂಥ ನಿಯಮವಿಲ್ಲದ ಆಟಗಳಲ್ಲಿಯೂ ಎಷ್ಟೋ ಸೂತ್ರಧಾರರು ಇದೇ ಪದ್ಧತಿಯನ್ನು ತಾವಾಗಿ ಅನುಸರಿಸುತ್ತಾರೆ. ದಾಳ ಬೀಳುತ್ತದೆ; “ನೀನು ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟೆ” ಎಂದು ಸೂತ್ರಧಾರನು ಘೋಷಿಸುತ್ತಾನೆ.

ಇದರಲ್ಲಿ ಎರಡು ತಪ್ಪುಗಳಿವೆ. ಮೊದಲನೆಯದು ಸತ್ಯಕ್ಕೆ ಸಂಬಂಧಿಸಿದ್ದು. ಚಿತ್ರಹಿಂಸೆ ಸತ್ಯವೆಂಬ ಪೆಟ್ಟಿಗೆಯ ಬೀಗದ ಕೈ ಎಂಬ ಭಾವನೆ ಈ ನಿಯಮದ ಬೆನ್ನಿಗಿದೆ. ಅನುಭವ ಬೇರೆಯನ್ನೇ ಹೇಳುತ್ತದೆ. ಮದ್ರಾಸ್ ಪ್ರಾಂತದಲ್ಲಿ ಕಂದಾಯ ವಸೂಲಿಗೂ ತಪ್ಪೊಪ್ಪಿಗೆಗೂ ಹಿಂಸೆ ನಡೆಯುತ್ತಿದೆಯೆಂಬ ದೂರಿನ ಮೇಲೆ ನೇಮಕವಾದ ಆಯೋಗವು ೧೮೫೫ರಲ್ಲಿ ವರದಿ ಸಲ್ಲಿಸಿತು. ಬಳ್ಳಾರಿಯೂ ಕನ್ನಡ ಜಿಲ್ಲೆಯೂ ಆಗ ಆ ಪ್ರಾಂತಕ್ಕೆ ಸೇರಿದ್ದವು. ಪೋಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ರುಜುವಾತುಪಡಿಸುವಂತಿಲ್ಲ ಎಂದು ೧೮೭೨ರ ಸಾಕ್ಷ್ಯ ಅಧಿನಿಯಮ ವಿಧಿಸಿತು. ೨೦೨೪ರ ಜುಲೈ ೧ರಿಂದ ಅದರ ಸ್ಥಾನದಲ್ಲಿ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ೨೩ನೆಯ ಕಲಮು ಅದನ್ನೇ ಉಳಿಸಿಕೊಂಡಿದೆ. ಅಮೆರಿಕದ ಕೇಂದ್ರ ಗುಪ್ತಚರ ಸಂಸ್ಥೆ ೨೦೦೧ರ ಅನಂತರ ಬಂದಿಗಳ ಮೇಲೆ ಪ್ರಯೋಗಿಸಿದ ಕ್ರೂರ ವಿಧಾನಗಳು ಮಾಹಿತಿ ಪಡೆಯಲು ಫಲಕಾರಿಯಾಗಿರಲಿಲ್ಲವೆಂದು ಆ ದೇಶದ ಸೆನೆಟ್ ಸಮಿತಿ ೨೦೧೪ರ ಡಿಸೆಂಬರಿನಲ್ಲಿ ಪ್ರಕಟಿಸಿದ ವರದಿಯ ಸಾರಾಂಶ ಹೇಳುತ್ತದೆ. ೧೯೪೩ರಲ್ಲಿ ಬೆಲ್ಜಿಯಮಿನ ಬ್ರೇನ್‌ಡಾಂಕ್ ಕೋಟೆಯಲ್ಲಿ ನಾಜಿಗಳ ಕೈಯಲ್ಲಿ ಹಿಂಸೆಗೊಳಗಾದ ಜಾನ್ ಅಮೆರಿ ೧೯೬೬ರ ತಮ್ಮ ಗ್ರಂಥದಲ್ಲಿ, ತಾವು ಮಾಡದ ಅಪರಾಧಗಳನ್ನೂ ಕಲ್ಪಿಸಿ ಹೇಳಿದುದನ್ನು ದಾಖಲಿಸಿದ್ದಾರೆ. ನೋವು ಮಾತನ್ನು ಹೊರಡಿಸುತ್ತದೆ. ಸತ್ಯವನ್ನೇ ಹೊರಡಿಸುವುದೆಂಬ ಭರವಸೆಯಿಲ್ಲ. ಆಟದಲ್ಲಿ ದಾಳವೊಂದರ ಬಲದಿಂದ ಸತ್ಯ ದೊರೆಯುತ್ತದೆಂದು ಕಲಿತ ತರುಣನು ಲೋಕದ ಬಗ್ಗೆಯೂ ಹಾಗೆಯೇ ಎಣಿಸುವ ಅಪಾಯವಿದೆ. ಆಟಗಾರರೇ ತಮ್ಮ ಕೈಗೆ ಸಿಕ್ಕ ಶತ್ರುವನ್ನು ಹಿಂಸಿಸಲು ತೊಡಗಿದಾಗ ಈ ಅಪಾಯ ಇನ್ನೂ ಹೆಚ್ಚು.

ಎರಡನೆಯ ತಪ್ಪು ನಮ್ಮ ಪ್ರಕೃತ ವಿಷಯಕ್ಕೆ ಇನ್ನೂ ಹತ್ತಿರದ್ದು. ಎಲೇನ್ ಸ್ಕಾರಿ ಅವರು ೧೯೮೫ರ ‘ದ ಬಾಡಿ ಇನ್ ಪೇನ್’ ಗ್ರಂಥದಲ್ಲಿ, ಚಿತ್ರಹಿಂಸೆ ಮಾಡುವ ಮುಖ್ಯ ಹಾನಿಯೆಂದರೆ ಬಂದಿಯ ದನಿಯ ನಾಶ ಎಂದು ವಾದಿಸಿದ್ದಾರೆ. ನೋವು ಹೆಚ್ಚಿದಂತೆ ಅವನ ಲೋಕ ಕುಗ್ಗುತ್ತದೆ. ಕೊನೆಗೆ ಅವನ ಬಾಯಿಂದ ಬರುವ ಮಾತು ಹಿಂಸಕನದಾಗುತ್ತದೆ. ಈ ಮಾತನ್ನು ಮುಂದಿಟ್ಟುಕೊಂಡು ನಮ್ಮ ಸೂತ್ರಧಾರನ ಘೋಷಣೆಯನ್ನು ಮತ್ತೆ ನೋಡಿ. “ನೀನು ಎಲ್ಲವನ್ನೂ ಹೇಳಿಬಿಟ್ಟೆ” ಎಂದಾಗ ಅವನು ಹಿಂಸೆಯನ್ನು ವರ್ಣಿಸುತ್ತಿಲ್ಲ. ಅದರ ಕಾರ್ಯವನ್ನೇ ಆಟಗಾರನ ಮೇಲೆ ಸಣ್ಣ ಪ್ರಮಾಣದಲ್ಲಿ ನಡೆಸುತ್ತಿದ್ದಾನೆ. ಆಟಗಾರನಿಗೆ ಇದ್ದ ಒಂದೇ ದನಿಯನ್ನು ತೆಗೆದುಕೊಂಡು ತಾನೇ ಮಾತನಾಡುತ್ತಿದ್ದಾನೆ. ಮೈಗೆ ನೋವಿಲ್ಲವೆಂಬುದು ನಿಜ. ಆದರೂ ಮೇಜಿನ ಬಳಿ ಇಂಥ ಗಳಿಗೆಯಲ್ಲಿ ಹುಟ್ಟುವ ಕಹಿ ಆಟದ ಸೋಲಿನ ಕಹಿಗಿಂತ ಬೇರೆ ಬಗೆಯದಾಗಿರುವುದಕ್ಕೆ ಕಾರಣ ಇದೇ.

ಹಾಗಾದರೆ ದಾಳಕ್ಕೆ ಕೆಲಸವಿಲ್ಲವೇ? ಇದೆ. ದಾಳವು ನಿರ್ಧಾರದ ಬೆಲೆಯನ್ನು ಗೊತ್ತುಮಾಡಲಿ. ನಿರ್ಧಾರವನ್ನು ಆಟಗಾರನು ಮಾಡಲಿ. ಬಂದಿಯ ಮುಂದೆ ಯಾವಾಗಲೂ ಮೂರು ಬಾಗಿಲುಗಳಿವೆ: ಮೌನ, ಸತ್ಯ, ಸುಳ್ಳು. ಮೌನವಾಗಿದ್ದರೆ ಇನ್ನೆರಡು ದಿನ ಕಳೆಯುತ್ತದೆ, ಅಷ್ಟರಲ್ಲಿ ಹೊರಗೆ ಶತ್ರುವಿನ ಸೈನ್ಯ ಹೊರಡುತ್ತದೆ. ಸತ್ಯ ಹೇಳಿದರೆ ಅಡಗಿರುವ ಗೆಳೆಯನು ಸಿಕ್ಕಿಬೀಳುತ್ತಾನೆ. ಸುಳ್ಳು ಹೇಳಿದರೆ ಅದನ್ನು ಪರೀಕ್ಷಿಸಲು ಹೋದವನು ಹಿಂದಿರುಗುವವರೆಗೆ ಮಾತ್ರ ಬಿಡುವು. ಇವುಗಳಲ್ಲಿ ಯಾವುದರ ಬೆಲೆ ಎಷ್ಟೆಂದು ದಾಳ ಹೇಳಬಹುದು. ಯಾವ ಬಾಗಿಲನ್ನು ದಾಟಬೇಕೆಂದು ಹೇಳಲಾಗದು.

೬

ಹಿಂಸೆಯನ್ನು ಎಷ್ಟರಮಟ್ಟಿಗೆ ತೋರಿಸಬೇಕೆಂಬುದು ಮುಂದಿನ ಪ್ರಶ್ನೆ. ರಾನ್ ಎಡ್ವರ್ಡ್ಸ್ ಅವರು ೨೦೦೩ರಲ್ಲಿ ‘ಸಾರ್ಸರರ್’ ಎಂಬ ತಮ್ಮ ಆಟಕ್ಕೆ ಬರೆದ ಅನುಬಂಧಗ್ರಂಥವೊಂದರಲ್ಲಿ ‘ಗೆರೆ’ ಮತ್ತು ‘ತೆರೆ’ ಎನ್ನಬಹುದಾದ ಎರಡು ಪರಿಭಾಷೆಗಳನ್ನು ಬಳಕೆಗೆ ತಂದರು. ಗೆರೆಯ ಆಚೆಗಿನದು ಕಥೆಯಲ್ಲಿ ಬರಲೇಕೂಡದು. ತೆರೆಯ ಹಿಂದಿನದು ಕಥೆಯಲ್ಲಿ ನಡೆಯುತ್ತದೆ, ಆದರೆ ವಿವರವಾಗಿ ಕಾಣಿಸುವುದಿಲ್ಲ. ೨೦೧೦ರ ದಶಕದಲ್ಲಿ ಜಾನ್ ಸ್ಟಾವ್ರೊಪೌಲೋಸ್ ಅವರ ‘ಎಕ್ಸ್ ಕಾರ್ಡ್’ ಪ್ರಚಾರಕ್ಕೆ ಬಂತು. ಮೇಜಿನ ಮೇಲೆ ಎಕ್ಸ್ ಎಂದು ಬರೆದ ಒಂದು ಚೀಟಿ ಇರುತ್ತದೆ. ಯಾರಾದರೂ ಅದನ್ನು ಮುಟ್ಟಿದರೆ ಕಾರಣ ಕೇಳದೆ ಆ ಸಂಗತಿಯನ್ನು ಬಿಟ್ಟು ಮುಂದಕ್ಕೆ ಸಾಗಬೇಕು.

ಇವುಗಳನ್ನು ಹೊಸ ಕಾಲದ ಅತಿ ನಾಜೂಕೆಂದು ಹಳಿಯುವವರುಂಟು. ಅವರು ನಾಟ್ಯಶಾಸ್ತ್ರದಲ್ಲಿ ದಶರೂಪಕಗಳನ್ನು ವಿವರಿಸುವ ಅಧ್ಯಾಯವನ್ನೊಮ್ಮೆ ಓದಬೇಕು. ಯುದ್ಧ, ರಾಜ್ಯಭ್ರಂಶ, ಮರಣ, ನಗರದ ಮುತ್ತಿಗೆ ಇವನ್ನು ಅಂಕದಲ್ಲಿ ಪ್ರತ್ಯಕ್ಷವಾಗಿ ತೋರಿಸದೆ ಪ್ರವೇಶಕದ ಮೂಲಕ ತಿಳಿಸಬೇಕೆಂದು ಭರತನು ವಿಧಿಸಿದ್ದಾನೆ. ಮುಂಜನ ಆಸ್ಥಾನದ ಧನಂಜಯನೂ ‘ದಶರೂಪಕ’ದಲ್ಲಿ ಇಂಥದೇ ನಿಷೇಧವನ್ನು ಮುಂದುವರಿಸಿದ್ದಾನೆ. ತೆರೆಯೆಂಬುದು ಪ್ರವೇಶಕವೇ. ಅಳ್ಳೆದೆಯವರಿಗಾಗಿ ಮಾಡಿದ ರಿಯಾಯಿತಿ ಅದಲ್ಲ; ರಸದ ರಕ್ಷಣೆಗಾಗಿ ಮಾಡಿದ ಏರ್ಪಾಡು.

ರಸದ ಮಾತು ಬಂದುದರಿಂದ ಅಭಿನವಗುಪ್ತನನ್ನು ನೆನೆಯದಿರಲಾಗದು. ರಸಾಸ್ವಾದಕ್ಕೆ ಅವನು ಹೇಳಿದ ಏಳು ವಿಘ್ನಗಳಲ್ಲಿ ಒಂದು, ಸಹೃದಯನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿಬಿಡುವುದು. ನಾಟಕದಲ್ಲಿ ನಟ ಬೇರೆ, ಪ್ರೇಕ್ಷಕ ಬೇರೆ. ರಂಗದ ಅಂತರವೇ ಒಂದು ರಕ್ಷಣೆ. ಪಾತ್ರಕ್ರೀಡೆಯಲ್ಲಿ ನಟನೂ ಪ್ರೇಕ್ಷಕನೂ ಒಬ್ಬನೇ. “ಅವನನ್ನು ಕಟ್ಟಿದರು” ಎಂದು ಸೂತ್ರಧಾರನು ಹೇಳುವುದಿಲ್ಲ, “ನಿನ್ನನ್ನು ಕಟ್ಟಿದರು” ಎನ್ನುತ್ತಾನೆ. ಆದುದರಿಂದ ಈ ವಿಘ್ನ ಇಲ್ಲಿ ಇಮ್ಮಡಿಯಾಗಿದೆ. ಮೈಮೇಲೆ ವೇಷ ತೊಟ್ಟು ಆಡುವ ಉತ್ತರ ಯುರೋಪಿನ ಪಾತ್ರಕ್ರೀಡೆಗಳಲ್ಲಿ, ಆಟವನ್ನು ಪೂರ್ತಿಯಾಗಿ ನಿಲ್ಲಿಸಲು ಒಂದು ಪದ, ಬಿಗಿಯನ್ನು ಸಡಿಲಿಸಲು ಇನ್ನೊಂದು ಪದ ಎಂದು ಮೊದಲೇ ಗೊತ್ತುಮಾಡಿಕೊಳ್ಳುವ ಸಂಪ್ರದಾಯ ಬೆಳೆದದ್ದು ಈ ಅರಿವಿನಿಂದಲೇ. ಮೇಜಿನ ಬಳಿ ಕುಳಿತವರಲ್ಲಿ ಯಾರ ಬಾಳಿನಲ್ಲಿ ಏನು ನಡೆದಿದೆಯೆಂದು ಸೂತ್ರಧಾರನು ಬಲ್ಲನೇ? ಬಲ್ಲೆನೆಂದು ತಿಳಿಯುವುದು ಅವಿವೇಕ. ಕೇಳಿ ತಿಳಿಯುತ್ತೇನೆಂದು ಕೆದಕುವುದು ಅದಕ್ಕಿಂತ ಅವಿವೇಕ. ಕಾರಣ ಕೇಳದೆ ಬಿಡುವ ಚೀಟಿಯ ನಿಯಮ ಈ ಎರಡನ್ನೂ ತಪ್ಪಿಸುತ್ತದೆ.

ತೆರೆಯನ್ನು ಬಳಸುವ ಕ್ರಮದಲ್ಲಿಯೂ ಒಂದು ಸೂಕ್ಷ್ಮವಿದೆ. ನಾಟಕದ ಪ್ರವೇಶಕದಲ್ಲಿ ನಡೆದುದನ್ನು ಸಣ್ಣ ಪಾತ್ರಗಳು ವರದಿ ಮಾಡುತ್ತವೆ. ಆಟದಲ್ಲಿ ಆ ವರದಿಯನ್ನು ಬಂದಿಯಾದ ಆಟಗಾರನಿಗೇ ಒಪ್ಪಿಸಬಹುದು. “ಮೂರು ದಿನ ಕತ್ತಲೆಯಲ್ಲಿಟ್ಟರು. ನಾಲ್ಕನೆಯ ದಿನ ಬೆಳಕಿಗೆ ತಂದರು. ಈಗ ನೀನು ಯಾವುದನ್ನು ನೋಡಲು ಹೆದರುತ್ತೀಯೆ?” ಎಂದಿಷ್ಟೇ ಕೇಳಿ ಸೂತ್ರಧಾರನು ಸುಮ್ಮನಿರಲಿ. ಆಟಗಾರನು ತಾನು ಹೊರಬಲ್ಲಷ್ಟನ್ನೇ ಹೇಳುತ್ತಾನೆ. ಅದು ಸೂತ್ರಧಾರನು ಅರ್ಧ ಗಂಟ ಮಾಡಬಹುದಾದ ಘೋರ ವರ್ಣನೆಗಿಂತ ಬಲವಾಗಿಯೇ ಇರುತ್ತದೆ.

೭

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ನಿರ್ಧಾರವನ್ನು ಆಟಗಾರನಿಗೇ ಬಿಟ್ಟರೆ ಅವನು ಸದಾ ಮೌನವನ್ನೇ ಆರಿಸಿಕೊಂಡು ಅಗ್ಗದ ವೀರನಾಗುವುದಿಲ್ಲವೇ? ನೋವು ಕಾಗದದ ಮೇಲಿನದು. ಅದನ್ನು ಸಹಿಸಲು ಏನು ಕಷ್ಟ? ನಿಜವಾಗಿ ಹಿಂಸೆಗೊಳಗಾಗಿ ಬಾಯಿಬಿಟ್ಟವರು ಹೇಡಿಗಳೆಂಬ ಸುಳ್ಳು ಭಾವನೆಗೆ ಇದು ಪೋಷಣೆಯಲ್ಲವೇ?

ಆಕ್ಷೇಪ ಗಟ್ಟಿಯಾಗಿದೆ. ಆದರೆ ಇದರಿಂದ ತಿಳಿಯುವುದು ಆಟದಲ್ಲಿ ಮೈನೋವು ದುರ್ಬಲವಾದ ಉಪಕರಣ ಎಂಬುದೇ ಹೊರತು, ಆಟಗಾರನ ಬಾಯಿಂದ ಮಾತನ್ನು ಬಲಾತ್ಕಾರವಾಗಿ ತೆಗೆಯಬೇಕೆಂಬುದಲ್ಲ. ಆಟಗಾರನು ನಿಜವಾಗಿ ಅಂಟಿಕೊಂಡಿರುವುದು ಬೇರೆಯದಕ್ಕೆ: ಕೊಟ್ಟ ಮಾತಿಗೆ, ಕೈಗೊಂಡ ಕಾರ್ಯಕ್ಕೆ, ಜೊತೆಯವರ ವಿಶ್ವಾಸಕ್ಕೆ. ಅವುಗಳ ನಡುವೆ ಘರ್ಷಣೆ ಬಂದಾಗ ಮೌನ ಅಗ್ಗವಾಗಿ ಉಳಿಯುವುದಿಲ್ಲ. ಇನ್ನು, ಪಾತ್ರದ ದೌರ್ಬಲ್ಯವನ್ನು ತಾನಾಗಿ ಒಪ್ಪಿಕೊಂಡ ಆಟಗಾರನಿಗೆ ಪ್ರತಿಫಲ ಕೊಡುವ ಫೇಟ್ ಪದ್ಧತಿ ಇಲ್ಲಿಯೂ ನೆರವಿಗೆ ಬರುತ್ತದೆ. “ನನ್ನವನು ತಡೆಯಲಾರ, ಹೇಳಿಬಿಡುತ್ತಾನೆ” ಎಂದು ಆಟಗಾರನೇ ಹೇಳಿದಾಗ ಮೇಜಿನ ಸುತ್ತ ಮೂಡುವ ನಿಶ್ಶಬ್ದಕ್ಕೂ, ಅದನ್ನೇ ಸೂತ್ರಧಾರನು ಹೇಳಿದಾಗ ಮೂಡುವ ಅಸಮಾಧಾನಕ್ಕೂ ಬಹಳ ಅಂತರವಿದೆ. ಮುರಿದುಬೀಳುವ ಹಕ್ಕೂ ಆಟಗಾರನದೇ.

ನಿರ್ಧಾರವನ್ನು ಉಳಿಸುವುದೆಂದರೆ ಸೋಲನ್ನು ಇಲ್ಲವಾಗಿಸುವುದಲ್ಲ ಎಂಬುದನ್ನು ಯಕ್ಷಗಾನ ತಾಳಮದ್ದಳೆಯನ್ನು ಕೇಳಿದವರಿಗೆ ವಿವರಿಸಬೇಕಾಗಿಲ್ಲ. ಮುಂಬಯಿಯ ಕನ್ನಡಿಗರಿಗಂತೂ ಅದು ಊರಿನಿಂದ ಜೊತೆಯಲ್ಲೇ ಬಂದ ಕಲೆ. ‘ವಾಲಿವಧೆ’ಯ ಪ್ರಸಂಗದಲ್ಲಿ ವಾಲಿ ಸಾಯಲೇಬೇಕು, ಅದನ್ನು ಯಾವ ಅರ್ಥಧಾರಿಯೂ ಬದಲಿಸಲಾರನು. ರಾಮಬಾಣ ನೆಟ್ಟಿದೆ, ಏಳಲಾರನು, ಹೊಡೆಯಲಾರನು. ಆದರೆ ನೆಲಕ್ಕೆ ಬಿದ್ದ ಆ ಗಳಿಗೆಯಿಂದಲೇ ಅವನ ಮಾತು ಪ್ರಾರಂಭ. ಮರೆಯಲ್ಲಿ ನಿಂತು ಕೊಂದುದು ಧರ್ಮವೇ ಎಂದು ಅವನು ರಾಮನನ್ನು ಕೇಳುತ್ತಾನೆ. ಅರ್ಥ ಹೇಳುವವನು ಸಮರ್ಥನಾದರೆ ಸಭೆಯ ಮನಸ್ಸು ಸೋತವನ ಕಡೆಗೆ ವಾಲುತ್ತದೆ. ರಾಮನ ಅರ್ಥಧಾರಿ ತನ್ನ ವಿದ್ವತ್ತನ್ನೆಲ್ಲ ಒಟ್ಟುಗೂಡಿಸಿ ಉತ್ತರ ಕೊಡಬೇಕಾಗುತ್ತದೆ. ಭಾಗವತನು ಪದ್ಯದಿಂದ ವಾಲಿಯ ಗತಿಯನ್ನು ನಿಶ್ಚಯಿಸುತ್ತಾನೆ. ವಾಲಿಯ ಮಾತನ್ನು ಮಾತ್ರ ಅವನು ಆಡುವುದಿಲ್ಲ. ಪದ್ಯ ಮುಗಿಯಿತೆಂದರೆ ಮಾತು ಅರ್ಥಧಾರಿಯದು.

ಪಾತ್ರಕ್ರೀಡೆಯ ಸೂತ್ರಧಾರನಿಗೆ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿಯನ್ನು ನಾನು ಕಾಣೆ. ಪಾತ್ರದ ಖಡ್ಗವನ್ನು ಕಸಿಯಲಿ, ಬೆಳಕನ್ನು ಕಸಿಯಲಿ, ದಿನಗಳನ್ನು ಕಸಿಯಲಿ. ಬೇಕಾದರೆ, ಮೇಜಿನವರೆಲ್ಲರ ಒಪ್ಪಿಗೆಯಿದ್ದರೆ, ಪ್ರಾಣವನ್ನೂ ಕಸಿಯಲಿ. ಬಂದಿಯ ಸರದಿ ಬಂದಾಗ “ಈಗ ಏನು ಹೇಳುತ್ತೀಯೆ?” ಎಂದು ಕೇಳಿ, ಉತ್ತರ ಬರುವವರೆಗೆ ಕಾಯಲಿ. ಈ ಆಟಗಳ ವಿಮರ್ಶೆ ನಮ್ಮ ಭಾಷೆಯಲ್ಲಿ ಬೆಳೆಯುವುದಾದರೆ, ಕಥಾನಕವೊಂದರ ಸೆರೆಯ ಪ್ರಸಂಗವನ್ನು ಅಳೆಯಲು ಆ ಪ್ರಶ್ನೆಯಿಂದಲೇ ತೊಡಗಬಹುದೆಂದು ನನ್ನ ಸೂಚನೆ.